ಕಲ್ಲು ಕೊಳ್ಳುವ ಮೊದಲು ಕ್ಯಾಶ್‌ಬುಕ್ ತೆಗೆಯಿರಿ

ಸಣ್ಣ ಊರಿನ ಯಾವ ಕಾಲೇಜಿಗೆ ಹೋದರೂ ಪ್ರಾಂಶುಪಾಲರ ಕುರ್ಚಿಯ ಹಿಂದಿನ ಗೋಡೆಯಲ್ಲಿ ಈವರೆಗಿನ ಪ್ರಾಂಶುಪಾಲರ ಹೆಸರಿನ ಒಂದು ಹಲಗೆ ಇರುತ್ತದೆ. ಕ್ರಮ ಸಂಖ್ಯೆ, ಹೆಸರು, ಇಂದ, ವರೆಗೆ ಎಂದು ನಾಲ್ಕು ಕಲಂ. ಮೊದಲ ಏಳೆಂಟು ಸಾಲು ಒಬ್ಬನೇ ಪೇಂಟರನ ಅಂದವಾದ ಕೈಬರಹ. ಅದರ ಕೆಳಗಿನ ನಾಲ್ಕು ಬೇರೆಯವರ ಕೈ, ಅಕ್ಷರ ತುಸು ದಪ್ಪ. ಕೊನೆಯ ಎರಡು ಸ್ಟಿಕ್ಕರ್. ಜಾಗ ಮುಗಿದುಹೋಗಿ ಈಗಿನವರ ಹೆಸರು ಚೌಕಟ್ಟಿನ ಮರದ ಮೇಲೆ ಕೂತಿರುವುದೂ ಉಂಟು. ನಿವೃತ್ತರಾಗಿ ಎರಡು ವರ್ಷ ಕಳೆದವರ ‘ವರೆಗೆ’ ಕಲಂ ಇನ್ನೂ ಖಾಲಿಯೇ ಇರುತ್ತದೆ.

ಬೆಳ್ಳಿಹಬ್ಬವೋ ಸುವರ್ಣ ಮಹೋತ್ಸವವೋ ಹತ್ತಿರ ಬಂದಾಗ, ಇಲ್ಲವೇ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಪರಿಶೀಲನೆಯ ತಾರೀಕು ಗೊತ್ತಾದಾಗ, ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಯಾರಾದರೂ ಮಾತು ತೆಗೆಯುತ್ತಾರೆ: “ಈ ಹಲಗೆ ಇಳಿಸಿ ಕಲ್ಲಲ್ಲೇ ಕೆತ್ತಿಸಿಬಿಡೋಣ ಸಾರ್.” ಒಳ್ಳೆಯ ಮಾತೇ. ಆದರೆ ಮರುದಿನ ಎಲ್ಲರೂ ಹೊರಡುವುದು ಗ್ರಾನೈಟ್ ಅಂಗಡಿಗೆ. ಕಲ್ಲಿನ ಕೆಲಸ ಹೆಚ್ಚೆಂದರೆ ಎರಡು ಮೂರು ವಾರದ್ದು. ಪಟ್ಟಿ ಸರಿಮಾಡುವ ಕೆಲಸಕ್ಕೆ ತಿಂಗಳುಗಳೇ ಬೇಕು. ಹಲಗೆಯ ಮೇಲಿನ ತಪ್ಪನ್ನು ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಬಹುದು, ಕಲ್ಲಿನ ಮೇಲಿನದಕ್ಕೆ ಇಡೀ ಚಪ್ಪಡಿಯನ್ನೇ ಮತ್ತೆ ಪಾಲಿಶ್‌ಗೆ ಕೊಡಬೇಕು.

ಆದ್ದರಿಂದ ಮೊದಲ ಮಾತು: ಹಲಗೆಯಲ್ಲಿರುವ ಪಟ್ಟಿಯನ್ನು ಹಾಗೇ ಕಲ್ಲಿಗೆ ಇಳಿಸಬೇಡಿ. ಆ ಪಟ್ಟಿ ಯಾವುದೋ ಹಿಂದಿನ ಸಮಾರಂಭದ ಅವಸರದಲ್ಲಿ ಆಗಿನ ಗುಮಾಸ್ತರ ನೆನಪಿನಿಂದ ತಯಾರಾಗಿರುವ ಸಾಧ್ಯತೆಯೇ ಹೆಚ್ಚು. ಮೂಲಕ್ಕೆ ಹೋಗಬೇಕು.

ಮೂಲ ಎಂದರೆ ಪ್ರಭಾರ ಹಸ್ತಾಂತರದ ವರದಿ, ಕಚೇರಿಯ ಮಾತಿನಲ್ಲಿ ಸಿಟಿಸಿ. ಅಧಿಕಾರ ಬಿಟ್ಟುಕೊಟ್ಟವರು, ವಹಿಸಿಕೊಂಡವರು ಇಬ್ಬರ ಸಹಿಯೂ ಅದರಲ್ಲಿರುತ್ತದೆ. ಪೂರ್ವಾಹ್ನವೋ ಅಪರಾಹ್ನವೋ ಎಂಬುದೂ ಇರುತ್ತದೆ. ಎಲ್ಲರ ಸಿಟಿಸಿಯೂ ಒಂದೇ ಫೈಲಿನಲ್ಲಿ ಸಿಕ್ಕಿಬಿಟ್ಟರೆ ನಿಮ್ಮ ಕಾಲೇಜಿನ ಪುಣ್ಯ. ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಕಟ್ಟಡ ಬದಲಾಗುವಾಗ ಗೋಣಿಚೀಲಕ್ಕೆ ಹೋದ ಕಾಗದಗಳಲ್ಲಿ ಇವೇ ಮುಂದಿರುತ್ತವೆ.

ಆಗ ಕೈಹಿಡಿಯುವುದು ಕ್ಯಾಶ್‌ಬುಕ್. ಹಣ ಸೆಳೆಯುವ ಅಧಿಕಾರಿ ಪ್ರಾಂಶುಪಾಲರೇ ಆದ್ದರಿಂದ ನಗದು ಪುಸ್ತಕದಲ್ಲಿ ಅವರ ಸಹಿ ಬೀಳಲೇಬೇಕು. ಆಡಿಟ್ ಭಯಕ್ಕೆ ಈ ಪುಸ್ತಕವನ್ನು ಯಾರೂ ಎಸೆಯುವುದಿಲ್ಲ. ಪುಟ ತಿರುವುತ್ತ ಹೋದರೆ ಸಹಿ ಬದಲಾದ ದಿನ ಕಣ್ಣಿಗೇ ಬೀಳುತ್ತದೆ. ಇದರ ಜೊತೆಗೆ ಇಟ್ಟುಕೊಳ್ಳಬೇಕಾದವು: ಸಿಬ್ಬಂದಿಯ ಹಾಜರಿ ಪುಸ್ತಕ, ವರ್ಗಾವಣೆ ಪತ್ರಗಳ ಕೌಂಟರ್‌ಫಾಯಿಲ್, ಖಜಾನೆಗೆ ಕಳಿಸಿದ ಮಾದರಿ ಸಹಿಯ ಪ್ರತಿ, ಸಂಯೋಜನೆಗೆ (ಅಫಿಲಿಯೇಶನ್) ಸಂಬಂಧಿಸಿದ ವಿಶ್ವವಿದ್ಯಾಲಯದ ಪತ್ರವ್ಯವಹಾರ. ಕಾಲೇಜಿನ ವಾರ್ಷಿಕ ಸಂಚಿಕೆ ಹೆಸರಿಗೆ ಒಳ್ಳೆಯದು, ತಾರೀಕಿಗೆ ಅಲ್ಲ. ಸಂಚಿಕೆ ಅಚ್ಚಾಗುವುದೇ ವರ್ಷ ತಡವಾಗಿ. ಮುನ್ನುಡಿ ಬರೆದವರು ಒಬ್ಬರು, ಆ ವರ್ಷ ಕುರ್ಚಿಯಲ್ಲಿದ್ದವರು ಇನ್ನೊಬ್ಬರು ಆಗಿರಬಹುದು.

ತಾರೀಕು ತಾಳೆ ನೋಡಲು ಒಂದು ಸುಲಭ ದಾರಿಯಿದೆ. ಸರ್ಕಾರಿ ನೌಕರರು ವಯೋನಿವೃತ್ತಿ ಹೊಂದುವುದು ತಿಂಗಳ ಕೊನೆಯ ದಿನ. ಹುಟ್ಟಿದ್ದು ಒಂದನೇ ತಾರೀಕಾದರೆ ಹಿಂದಿನ ತಿಂಗಳ ಕೊನೆಯ ದಿನ. ಶಾಲೆಗೆ ಸೇರಿಸುವಾಗ ಮೇಷ್ಟರು ಜೂನ್ 1 ಎಂದು ಬರೆದುಕೊಂಡ ತಲೆಮಾರಿನವರು ಸಾಲುಸಾಲಾಗಿ ಮೇ 31ಕ್ಕೆ ನಿವೃತ್ತರಾದದ್ದು ಅದಕ್ಕೇ. ಹೀಗಾಗಿ ‘ನಿವೃತ್ತಿ’ ಎಂದು ಬರೆದು ತಾರೀಕು 17 ಎಂದಿದ್ದರೆ ಎರಡರಲ್ಲೊಂದು ತಪ್ಪು: ಅದು ವರ್ಗಾವಣೆಯೋ ಸ್ವಯಂನಿವೃತ್ತಿಯೋ ಮರಣವೋ ಇರಬೇಕು, ಇಲ್ಲ ತಾರೀಕೇ ಸರಿಯಿಲ್ಲ. 2008ರಲ್ಲಿ ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಿತು ಎಂಬುದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಹುಟ್ಟಿದ ವರ್ಷ ಗೊತ್ತಿದ್ದರೆ ಉಳಿದದ್ದು ಕೂಡಿಸುವ ಕೆಲಸ. ಖಾಸಗಿ ಆಡಳಿತ ಮಂಡಳಿಯ ಕಾಲೇಜಿನಲ್ಲಿ ಈ ಲೆಕ್ಕವನ್ನೇ ನೆಚ್ಚುವಂತಿಲ್ಲ, ಅಲ್ಲಿ ಮಂಡಳಿಯ ಸಭೆಯ ನಡಾವಳಿ ಪುಸ್ತಕವೇ ಗತಿ.

ಈಗ ಜಗಳದ ವಿಷಯಕ್ಕೆ ಬರೋಣ: ಪ್ರಭಾರ ಪ್ರಾಂಶುಪಾಲರು.

ಸಣ್ಣ ಸರ್ಕಾರಿ ಕಾಲೇಜುಗಳಲ್ಲಿ ಕಾಯಂ ಪ್ರಾಂಶುಪಾಲರಿಲ್ಲದೆ ವರ್ಷಗಟ್ಟಲೆ ಕಳೆದದ್ದು ಎಲ್ಲರಿಗೂ ಗೊತ್ತು. ಹಿರಿಯ ಉಪನ್ಯಾಸಕರೊಬ್ಬರು ತಮ್ಮ ಪಾಠದ ಜೊತೆಗೆ ಕಚೇರಿಯನ್ನೂ ನೋಡಿಕೊಂಡಿರುತ್ತಾರೆ. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ ನಿಯಮ 32ರಡಿ ಸ್ವತಂತ್ರ ಪ್ರಭಾರ, ನಿಯಮ 68ರಡಿ ಹೆಚ್ಚುವರಿ ಪ್ರಭಾರ ಎಂದು ಆದೇಶದಲ್ಲಿ ಬೇರೆಬೇರೆ ಇರುತ್ತದೆ. ಕೊಠಡಿಯ ಹಲಗೆ ಈ ಯಾವುದನ್ನೂ ಹೇಳುವುದಿಲ್ಲ. ಕೆಲವು ಕಾಲೇಜುಗಳಲ್ಲಿ ಕಾಯಂ ಆಗಿ ಬಂದು ನಾಲ್ಕು ತಿಂಗಳಿದ್ದು ವರ್ಗ ಮಾಡಿಸಿಕೊಂಡು ಹೋದವರ ಹೆಸರಿರುತ್ತದೆ; ಆಮೇಲೆ ಆರು ವರ್ಷ ಪ್ರಭಾರದಲ್ಲಿ ಕಾಲೇಜು ನಡೆಸಿದವರ ಹೆಸರು ಇರುವುದಿಲ್ಲ.

ನಮ್ಮ ಅಭಿಪ್ರಾಯ ನೇರವಾದದ್ದು. ಸಿಟಿಸಿಯಲ್ಲಿ ಸಹಿ ಹಾಕಿ ಕಾಲೇಜಿನ ಬೀಗದ ಕೈ ಹಿಡಿದವರೆಲ್ಲರ ಹೆಸರೂ ಕಲ್ಲಿನಲ್ಲಿ ಬರಬೇಕು, ಒಂದೇ ಅಳತೆಯ ಅಕ್ಷರದಲ್ಲಿ, ಒಂದೇ ಕ್ರಮಸಂಖ್ಯೆಯ ಸಾಲಿನಲ್ಲಿ. ಪ್ರಭಾರ ಎಂಬುದನ್ನು ಮುಚ್ಚಿಡುವುದೂ ಬೇಡ. ಹೆಸರಿನ ಮುಂದೆ ‘(ಪ್ರ)’ ಎಂದು ಹಾಕಿದರೆ ಸಾಕು. ರಜೆಯ ಮೇಲೆ ಹೋದಾಗ ಹತ್ತು ದಿನ ನೋಡಿಕೊಂಡವರನ್ನು ಸೇರಿಸಿದರೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೆ ಒಂದು ಗೆರೆ ಎಳೆಯಲೇಬೇಕು. ಪ್ರಾಂಶುಪಾಲರ ಹುದ್ದೆ ಖಾಲಿ ಇದ್ದ ಅವಧಿಯಲ್ಲಿ ಪ್ರಭಾರ ವಹಿಸಿದವರು ಮಾತ್ರ. ಹುದ್ದೆಯಲ್ಲಿ ಒಬ್ಬರಿದ್ದು ಅವರು ರಜೆಯಲ್ಲಿದ್ದಾಗಿನದು ಲೆಕ್ಕಕ್ಕಿಲ್ಲ. ಈ ನಿಯಮವನ್ನು ಸಮಿತಿಯ ನಡಾವಳಿಯಲ್ಲಿ ಮೊದಲೇ ಬರೆದು ಸಹಿ ಹಾಕಿಸಿ. ಹೆಸರುಗಳನ್ನು ನೋಡಿದ ಮೇಲೆ ನಿಯಮ ಮಾಡಲು ಕೂತರೆ ಅದು ನಿಯಮವಾಗಿ ಉಳಿಯುವುದಿಲ್ಲ, ಇಂಥವರನ್ನು ಬಿಡಲು ಸಿಕ್ಕಿದ ನೆಪವಾಗುತ್ತದೆ. ಅಮಾನತಾದವರು, ಕೋರ್ಟಿಗೆ ಹೋಗಿ ಆದೇಶ ತಂದು ಕೂತವರು, ಎಲ್ಲರಿಗೂ ಇದೇ ಗೆರೆ.

ನಡುವೆ ದಾಖಲೆಯೇ ಸಿಗದ ಅವಧಿ ಇದ್ದರೆ ಅದನ್ನು ಅಕ್ಕಪಕ್ಕದವರಿಗೆ ಹಂಚಿ ಮುಚ್ಚಿಬಿಡುವ ಚಾಳಿಯಿದೆ. ಬೇಡ. ಎರಡು ಸಾಲಿನ ತಾರೀಕಿನ ನಡುವೆ ಅಂತರ ಕಂಡರೆ ಕಾಣಲಿ. ನಾಳೆ ಯಾರಿಗಾದರೂ ಕಾಗದ ಸಿಕ್ಕಿದರೆ ಸೇರಿಸಲು ಅವಕಾಶವಾದರೂ ಇರುತ್ತದೆ.

ಪಟ್ಟಿ ಎಲ್ಲಿಂದ ಶುರು ಎಂಬುದೂ ಸರಳವಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಂಥ ದೊಡ್ಡ ಸಂಸ್ಥೆಯೇ 1858ರಲ್ಲಿ ಹೈಸ್ಕೂಲಾಗಿ ಹುಟ್ಟಿ ಆಮೇಲೆ ಕಾಲೇಜಾದದ್ದು. ತಾಲ್ಲೂಕು ಕೇಂದ್ರಗಳ ಎಷ್ಟೋ ಕಾಲೇಜುಗಳು ಯಾವುದೋ ಹೈಸ್ಕೂಲಿನ ಎರಡು ಕೊಠಡಿಯಲ್ಲಿ, ವಿಶೇಷಾಧಿಕಾರಿ ಎಂಬ ಹೆಸರಿನವರೊಬ್ಬರ ಕೈಯಲ್ಲಿ ಶುರುವಾದವು. ಪಿಯು ವಿಭಾಗ ಒಟ್ಟಿಗಿದ್ದು ಆಮೇಲೆ ಬೇರೆಯಾದ ಕಾಲೇಜಿನಲ್ಲಿ ಇಬ್ಬರೂ ಒಬ್ಬರನ್ನೇ ‘ನಮ್ಮ ಮೊದಲ ಪ್ರಾಂಶುಪಾಲರು’ ಎನ್ನುತ್ತಾರೆ. ಅದು ಇಬ್ಬರ ಕಲ್ಲಿನಲ್ಲೂ ಇರಲಿ, ತಪ್ಪೇನಿಲ್ಲ. ವಿಶೇಷಾಧಿಕಾರಿಯನ್ನು ಅದೇ ಪದನಾಮದಿಂದ ಒಂದನೇ ಸಾಲಿಗೆ ಹಾಕಬೇಕು. ‘ಪ್ರಾಂಶುಪಾಲರು’ ಎಂದು ಬಡ್ತಿ ಕೊಡುವ ಅಧಿಕಾರ ಫಲಕದ ಸಮಿತಿಗಿಲ್ಲ.

ಹೆಸರಿನ ವಿಷಯದಲ್ಲಿ ಕಚೇರಿ ದಾಖಲೆಯೇ ಕೊನೆಯ ಮಾತು, ಊರ ಬಾಯಲ್ಲಿ ಇರುವುದು ಅಲ್ಲ. ನಮ್ಮ ಕಾಲೇಜುಗಳಲ್ಲಿ ಸಾಹಿತಿಗಳು ಆ ಕುರ್ಚಿಯಲ್ಲಿ ಕೂತದ್ದು ಅಪರೂಪವಲ್ಲ. ಗೋಪಾಲಕೃಷ್ಣ ಅಡಿಗರು ಸಾಗರದ ಲಾಲ್ ಬಹಾದುರ್ ಕಾಲೇಜಿನಲ್ಲಿ, ಆಮೇಲೆ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದರು. ಕುವೆಂಪು ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರಾಗಿದ್ದು 1956ರಲ್ಲಿ ಕುಲಪತಿಯಾದರು. ಅಂಥ ಕಲ್ಲಿನಲ್ಲಿ ಕೆ.ವಿ. ಪುಟ್ಟಪ್ಪ ಎಂದೇ ಇರಬೇಕು. ಕಾವ್ಯನಾಮ ಬೇಕೆಂದರೆ ಪಕ್ಕದಲ್ಲಿ ಆವರಣದೊಳಗೆ ಬರಲಿ. ಮೈಸೂರು ಕಡೆ ಊರು, ತಂದೆಯ ಹೆಸರು ಎರಡೂ ಇನಿಶಿಯಲ್ಲಾಗಿ ಮುಂದೆ ನಿಲ್ಲುತ್ತವೆ. ಧಾರವಾಡದ ಆಚೆ ಹೆಸರು, ತಂದೆ ಹೆಸರು, ಅಡ್ಡಹೆಸರು ಹೀಗೆ ಉದ್ದಕ್ಕೆ ಹೋಗುತ್ತದೆ. ಇಬ್ಬರನ್ನೂ ಒಂದೇ ಅಚ್ಚಿಗೆ ತುರುಕಬಾರದು. ಅವರು ಸಹಿ ಹಾಕುತ್ತಿದ್ದ ಹಾಗೆ ಬರೆಯಿರಿ. ಹೆಣ್ಣುಮಕ್ಕಳ ಸೇವಾ ಪುಸ್ತಕದಲ್ಲಿ ಮದುವೆಗೆ ಮುಂಚಿನ ಹೆಸರು, ಕ್ಯಾಶ್‌ಬುಕ್ಕಿನಲ್ಲಿ ಆಮೇಲಿನದು ಇರುವುದುಂಟು. ಬದುಕಿದ್ದರೆ ಅವರನ್ನೇ ಕೇಳುವುದು ಎಲ್ಲಕ್ಕಿಂತ ಸುಲಭ.

‘ದಿವಂಗತ’, ‘ಲಿಂಗೈಕ್ಯ’, ‘ಕೀರ್ತಿಶೇಷ’ ಇವು ಯಾವುವೂ ಕಲ್ಲಿಗೆ ಬೇಡ. ಇಂದು ಆರು ಜನರ ಮುಂದೆ ‘ದಿ.’ ಹಾಕಿದರೆ ಉಳಿದವರು ತೀರಿಕೊಂಡ ದಿನ ಯಾರು ಬಂದು ಕೆತ್ತುತ್ತಾರೆ? ಶ್ರೀ, ಶ್ರೀಮತಿಗಳನ್ನೂ ಬಿಡಬಹುದು, ಆದರೆ ಬಿಟ್ಟರೆ ಎಲ್ಲರದ್ದೂ ಬಿಡಬೇಕು. ‘ಡಾ.’ ಎಂಬುದು ಅಧಿಕಾರದ ಅವಧಿ ಮುಗಿದ ಮೇಲೆ ಬಂದಿದ್ದರೂ ಹಾಕುವುದು ಸೌಜನ್ಯ. ‘ಪ್ರೊ.’ ಮಾತ್ರ ಜೇನುಗೂಡು: ಆ ಪದನಾಮ ನಿಜಕ್ಕೂ ಇದ್ದವರು ಯಾರು, ಅಭ್ಯಾಸದಿಂದ ಹಾಗೆ ಕರೆಸಿಕೊಂಡವರು ಯಾರು ಎಂದು ಹುಡುಕಲು ಹೊರಟರೆ ಸಮಾರಂಭ ಮುಂದಕ್ಕೆ ಹೋಗುತ್ತದೆ. ಯಾರಿಗೂ ಹಾಕದಿರುವುದೇ ಲೇಸು.

ಪಟ್ಟಿ ಒಂದು ರೂಪಕ್ಕೆ ಬಂದ ಮೇಲೆ ಅದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ನೋಟಿಸ್ ಬೋರ್ಡಿಗೆ ಹಾಕಿ ಮೂವತ್ತು ದಿನ ಬಿಡಿ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೂ ಕಳಿಸಿ. ಕ್ಯಾಶ್‌ಬುಕ್ಕಿನಲ್ಲಿ ಸಿಗದ ತಪ್ಪುಗಳು ಅಲ್ಲಿ ಸಿಗುತ್ತವೆ.

ಇನ್ನು ಅಳತೆ. ಕಾರಿಡಾರಿನಲ್ಲಿ ಎರಡು ಎರಡೂವರೆ ಮೀಟರ್ ದೂರ ನಿಂತು ಓದಬೇಕಾದ ಫಲಕಕ್ಕೆ ಹೆಸರಿನ ಅಕ್ಷರ 20 ಮಿ.ಮೀ. ಎತ್ತರ ಇರಲೇಬೇಕು. ಇದು ತಲೆಕಟ್ಟಿನಿಂದ ಅಕ್ಷರದ ತಳದವರೆಗಿನ ಅಳತೆ, ಒತ್ತಕ್ಷರ ಅದರ ಕೆಳಗೆ ಬೇರೆ ಇಳಿಯುತ್ತದೆ. ಇಂಗ್ಲಿಷ್ ಫಲಕದ ಲೆಕ್ಕದಲ್ಲಿ ಸಾಲು ಹೊಂದಿಸಿದರೆ ಮೇಲಿನ ಸಾಲಿನ ‘ಷ್ಟ್ರ’ದ ಬಾಲ ಕೆಳಗಿನ ಸಾಲಿನ ‘ಕೀ’ಯ ಮೇಲೆ ಕೂರುತ್ತದೆ. ಆದ್ದರಿಂದ ಸಾಲಿನಿಂದ ಸಾಲಿಗೆ ಅಕ್ಷರದ ಎರಡರಷ್ಟು, ಅಂದರೆ 40 ಮಿ.ಮೀ. ಬಿಡಬೇಕು.

ನಾಲ್ಕಡಿ ಎತ್ತರ, ಮೂರಡಿ ಅಗಲದ ಚಪ್ಪಡಿ ತೆಗೆದುಕೊಳ್ಳೋಣ: 1220 ಮತ್ತು 915 ಮಿ.ಮೀ. ಮೇಲೆ ಕೆಳಗೆ 75 ಅಂಚು, ಕಾಲೇಜಿನ ಹೆಸರಿಗೂ ಶೀರ್ಷಿಕೆಗೂ 150 ಕಳೆದರೆ 920 ಉಳಿಯಿತು. ಅಂದರೆ 23 ಸಾಲು. ಅಗಲದಲ್ಲಿ ಎರಡೂ ಕಡೆ 60 ಬಿಟ್ಟರೆ 795. ಕ್ರಮಸಂಖ್ಯೆಗೆ 60, ಅವಧಿಗೆ 240, ಹೆಸರಿಗೆ 495. ಅಷ್ಟರಲ್ಲಿ ಸುಮಾರು ಇಪ್ಪತ್ತು ಅಕ್ಷರ ಹಿಡಿಸುತ್ತದೆ. ಪಟ್ಟಿಯಲ್ಲಿ ಅತಿ ಉದ್ದದ ಹೆಸರು ಯಾವುದೆಂದು ಮೊದಲು ಎಣಿಸಿ, ಅದರ ಮೇಲೆ ಅಕ್ಷರದ ಅಳತೆ ನಿರ್ಧರಿಸಿ. ಒಬ್ಬರ ಹೆಸರು ಉದ್ದವಾಯಿತೆಂದು ಅವರದ್ದೊಂದನ್ನೇ ಹಿಂಡಿ ಸಣ್ಣ ಮಾಡಿದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಅವಧಿಯನ್ನು ತಿಂಗಳು, ವರ್ಷದಲ್ಲಿ ಬರೆದರೆ ಸಾಕು: 06.1984 – 05.1987. ಬರೀ ವರ್ಷ ಬರೆದರೆ ಒಂದೇ ವರ್ಷದಲ್ಲಿ ಮೂವರು ಬಂದುಹೋದದ್ದು ಗೊಂದಲವಾಗುತ್ತದೆ. ದಿನಾಂಕ ಸಮೇತ ಬರೆದರೆ ತಪ್ಪಿಗೆ ದಾರಿ ಹೆಚ್ಚು. ಪೂರ್ತಿ ದಿನಾಂಕ ಫೈಲಿನಲ್ಲಿ ಇರಲಿ.

ಕಲ್ಲಿನ ಆಯ್ಕೆ ಕರ್ನಾಟಕದಲ್ಲಿ ಕಷ್ಟವಲ್ಲ. ದೇವನಹಳ್ಳಿ ಕಡೆಯ ಸಾದರಹಳ್ಳಿ ಬಿಳಿಕಲ್ಲು ಗಟ್ಟಿ, ಬಿಸಿಲು ಮಳೆಗೆ ಜಗ್ಗುವುದಿಲ್ಲ. ಆದರೆ ಕೊರೆದ ಅಕ್ಷರಕ್ಕೂ ಕಲ್ಲಿಗೂ ಬಣ್ಣದ ವ್ಯತ್ಯಾಸ ಇಲ್ಲದ್ದರಿಂದ ಬಣ್ಣ ತುಂಬಲೇಬೇಕು, ಆ ಬಣ್ಣ ಆಗಾಗ ಹೋಗುತ್ತಲೂ ಇರುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ನೋಡಲು ಸೊಗಸು, ಹೆಸರು ಓದಲು ಅಲ್ಲ. ಅದರ ಹರಳುಗಳ ನಡುವೆ ಸಣ್ಣ ಅಕ್ಷರ ಕಳೆದುಹೋಗುತ್ತದೆ. ಕಡಪ ಮತ್ತು ಶಹಾಬಾದ್ ಕಲ್ಲು ಸುಣ್ಣದ ಜಾತಿ. ಅಗ್ಗ, ಕೆತ್ತಲು ಸುಲಭ, ಆದರೆ ಟೈಲ್ಸ್ ತೊಳೆಯುವ ಆಸಿಡ್ ಒಮ್ಮೆ ಸಿಡಿದರೆ ಮುಖ ಕೆಡುತ್ತದೆ, ಕಡಪದ ಕಪ್ಪು ಬಿಸಿಲಿಗೆ ಬೂದಿಯಾಗುತ್ತದೆ. ಬಳಪದ ಕಲ್ಲಿನ ಮೇಲೆ ವಿದ್ಯಾರ್ಥಿಗಳು ಬೈಕಿನ ಬೀಗದ ಕೈಯಲ್ಲೂ ತಮ್ಮ ಹೆಸರು ಸೇರಿಸಬಲ್ಲರು.

ಹೆಸರಿನ ಫಲಕಕ್ಕೆ ಚಾಮರಾಜನಗರದ ಕಡೆಯ ಕರಿಕಲ್ಲನ್ನು ಮೀರಿಸಿದ್ದು ಇಲ್ಲ. ಪಾಲಿಶ್ ಮಾಡಿದ ಮೈ ಕಡುಗಪ್ಪು, ಕೊರೆದ ಜಾಗ ತಾನಾಗಿಯೇ ಬೂದುಬಿಳುಪು. ಬಣ್ಣ ತುಂಬದೆಯೂ ಓದಬಹುದು, ಆದ್ದರಿಂದ ಹೋಗಲು ಬಣ್ಣವೇ ಇರುವುದಿಲ್ಲ. ಅಂಗಡಿಯವರು ಬಂಗಾರದ ಬಣ್ಣ ಹಾಕಿಕೊಡುತ್ತೇವೆ ಎನ್ನುತ್ತಾರೆ. ಆ ಗೋಲ್ಡನ್ ಪೇಂಟ್ ಕೆಲವೇ ವರ್ಷಗಳಲ್ಲಿ ಕಂದಾಗಿ, ಆಮೇಲೆ ಕಪ್ಪಾಗಿ, ಕಪ್ಪು ಕಲ್ಲಿನಲ್ಲಿ ಕಪ್ಪು ಅಕ್ಷರವಾಗಿ ನಿಲ್ಲುತ್ತದೆ. ಬೇಡ ಎನ್ನಿ. ಕೊಳ್ಳುವಾಗ ಬಿಳಿ ಬಟ್ಟೆಗೆ ಥಿನ್ನರ್ ಹಚ್ಚಿ ಕಲ್ಲಿನ ಮೂಲೆ ಉಜ್ಜಿ ನೋಡಿ. ಬಟ್ಟೆ ಕಪ್ಪಾದರೆ ಅದು ಬೂದು ಕಲ್ಲಿಗೆ ಬಣ್ಣ ಕುಡಿಸಿದ ಮಾಲು. ಕರಿಕಲ್ಲಿಗೂ ಒಂದು ದೋಷವಿದೆ: ಕಿಟಕಿಗೆ ಎದುರಾಗಿ ಹಾಕಿದರೆ ಕನ್ನಡಿಯಾಗುತ್ತದೆ, ಓದುವವರಿಗೆ ಕಾಣುವುದು ಅವರದೇ ಮುಖ ಮತ್ತು ಹಿಂದಿನ ಸೈಕಲ್ ಸ್ಟ್ಯಾಂಡು. ಬೆಳಕು ಪಕ್ಕದಿಂದ ಬೀಳುವ ಗೋಡೆ ಹುಡುಕಬೇಕು.

ಅಕ್ಷರ ಕೊರೆಯುವುದು ಈಗ ಬಹುಪಾಲು ಸ್ಯಾಂಡ್‌ಬ್ಲಾಸ್ಟಿಂಗ್. ರಬ್ಬರಿನಂಥ ದಪ್ಪ ಸ್ಟಿಕ್ಕರನ್ನು ಯಂತ್ರದಲ್ಲಿ ಕತ್ತರಿಸಿ ಕಲ್ಲಿಗೆ ಅಂಟಿಸುತ್ತಾರೆ, ಅಕ್ಷರದ ಭಾಗವನ್ನು ಸೂಜಿಯಲ್ಲಿ ಕಿತ್ತು ತೆಗೆಯುತ್ತಾರೆ, ಕಂಪ್ರೆಸರ್ ಗಾಳಿಯಲ್ಲಿ ಎಮೆರಿ ಪುಡಿ ಹೊಡೆದು ಎರಡು ಮಿ.ಮೀ.ನಷ್ಟು ಆಳ ಮಾಡುತ್ತಾರೆ. ಕನ್ನಡಕ್ಕೆ ಇಲ್ಲೇ ಕಷ್ಟ. ‘ಠ’, ‘ಥ’ ಒಳಗಿನ ಚುಕ್ಕಿಯ ಸ್ಟಿಕ್ಕರ್ ಕೀಳಲು ಮರೆತರೆ ಆ ಚುಕ್ಕಿ ಕಲ್ಲಿಗೆ ಇಳಿಯುವುದೇ ಇಲ್ಲ: ಶ್ರೀಕಂಠಯ್ಯನವರು ಶ್ರೀಕಂರಯ್ಯನವರಾಗುತ್ತಾರೆ, ಮಂಜುನಾಥ ಮಂಜುನಾಧನಾಗುತ್ತಾನೆ. ಅಕ್ಷರದ ಹೊಟ್ಟೆಯೊಳಗೆ ಉಳಿಯಬೇಕಾದ ಸಣ್ಣ ತುಂಡು ಗಾಳಿಯ ಹೊಡೆತಕ್ಕೆ ಹಾರಿಹೋದರೆ ಅಕ್ಷರ ಬರೀ ಗುಂಡಿಯಾಗುತ್ತದೆ. ಸಾಮಾನ್ಯ ಬೋರ್ಡಿನ ತೆಳು ಸ್ಟಿಕ್ಕರ್ ಬಳಸಿದರೆ ಇದು ಖಂಡಿತ. ತೆಳುಗೆರೆಯ ಅಲಂಕಾರದ ಫಾಂಟ್ ಬಿಟ್ಟು, ಗೆರೆಯ ದಪ್ಪ ಎಲ್ಲೂ ಎರಡು ಮಿ.ಮೀ.ಗಿಂತ ಕಡಿಮೆಯಾಗದ ಸಾದಾ ಅಚ್ಚಕ್ಷರ ಆರಿಸಿ. ಮಸಿಕಡ್ಡಿ ಹಿಡಿದು ಕಲ್ಲಿನ ಮೇಲೆ ಬರೆದು ಉಳಿಯಲ್ಲೇ ಕಡಿಯುವ ಕಲ್ಲುಕುಟಿಗರು ಇನ್ನೂ ಇದ್ದಾರೆ. ಶಿವಾರಪಟ್ಟಣ, ಕಾರ್ಕಳದಂಥ ಶಿಲ್ಪಿಗಳ ಊರು ಹತ್ತಿರವಿದ್ದರೆ ಕೇಳಿ ನೋಡಿ. ಕೂಲಿ ಅಕ್ಷರಕ್ಕೆ ಇಷ್ಟು ಎಂದು ಇರುತ್ತದೆ. ಒತ್ತಕ್ಷರ ಒಂದು ಅಕ್ಷರವೋ ಎರಡೋ, ಇನಿಶಿಯಲ್ ಪಕ್ಕದ ಚುಕ್ಕಿಗೆ ದುಡ್ಡುಂಟೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಮಾತಾಡಿಕೊಳ್ಳಿ.

ಡಿಟಿಪಿಯವರಿಂದ ಆಗುವ ಅನಾಹುತ ಬೇರೆ. ನೀವು ಯೂನಿಕೋಡಿನಲ್ಲಿ ಟೈಪ್ ಮಾಡಿ ಕೊಟ್ಟಿರುತ್ತೀರಿ, ಅವರ ಕಂಪ್ಯೂಟರಿನ ಹಳೆಯ ಕೋರೆಲ್‌ಡ್ರಾ ತಂತ್ರಾಂಶ ಅದನ್ನು ಅರಗಿಸಿಕೊಳ್ಳದೆ ಒತ್ತುಗಳನ್ನು ಬಿಡಿಸಿ ಪಕ್ಕಕ್ಕೆ ಇಡುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿಗೆ ಪರಿವರ್ತಿಸುವಾಗ ಅರ್ಕಾವತ್ತು ಜಾಗ ಬಿಡುತ್ತದೆ, ವಟ್ರಸುಳಿ ಮಾಯವಾಗುತ್ತದೆ. ಆ ಫೈಲನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಕಸ. ಹಾಗಾಗಿ ಅಂತಿಮ ಫೈಲಿನಲ್ಲಿ ಅಕ್ಷರಗಳನ್ನೆಲ್ಲ ಕರ್ವ್ ಮಾಡಿಸಿ, ಅಂದರೆ ಫಾಂಟ್ ಇಲ್ಲದೆಯೂ ತೆರೆಯುವ ಗೆರೆಚಿತ್ರವಾಗಿಸಿ, ನಿಜ ಅಳತೆಯಲ್ಲೇ ಕಾಗದದ ಮೇಲೆ ಪ್ರಿಂಟ್ ತೆಗೆಸಿ. ಪರದೆಯ ಮೇಲೆ ಪ್ರೂಫ್ ನೋಡಬೇಡಿ. ಆ ಕಾಗದವನ್ನು ಗೋಡೆಗೆ ಅಂಟಿಸಿ ಇಬ್ಬರು ಕೂತು, ಒಬ್ಬರು ಮೂಲ ಪಟ್ಟಿ ಗಟ್ಟಿಯಾಗಿ ಓದುತ್ತ ಇನ್ನೊಬ್ಬರು ಬೆರಳಿಟ್ಟು ನೋಡುತ್ತ ಹೋಗಬೇಕು. ಇಬ್ಬರಲ್ಲಿ ಒಬ್ಬರು ಕನ್ನಡ ಮೇಷ್ಟರಾಗಿರಲಿ, ಇನ್ನೊಬ್ಬರು ಆಗಿರದಿರಲಿ. ಕನ್ನಡ ಮೇಷ್ಟರು ತಪ್ಪನ್ನೂ ಸರಿಮಾಡಿಕೊಂಡು ಓದಿಬಿಡುತ್ತಾರೆ. ಸ್ಟಿಕ್ಕರ್ ಅಂಟಿಸಿ ಅಕ್ಷರ ಕಿತ್ತ ಮೇಲೆ, ಗಾಳಿ ಹೊಡೆಯುವ ಮೊದಲು, ಇನ್ನೊಂದು ಸಲ ಅಂಗಡಿಗೇ ಹೋಗಿ ನೋಡಿ ಬರಬೇಕು. ತಪ್ಪು ತಿದ್ದಲು ಅದೇ ಕೊನೆಯ ಅವಕಾಶ.

ಗೋಡೆಗೆ ಹಾಕುವ ಕೆಲಸವನ್ನು ಟೈಲ್ಸ್ ಮೇಸ್ತ್ರಿಗೆ ಬಿಟ್ಟುಬಿಡುವುದು ದೊಡ್ಡ ಅಪಾಯ. ಮೇಲೆ ಹೇಳಿದ ಅಳತೆಯ 20 ಮಿ.ಮೀ. ಚಪ್ಪಡಿ ಬಿಳಿಕಲ್ಲಾದರೆ 60 ಕೆ.ಜಿ., ಕರಿಕಲ್ಲಾದರೆ 67 ಕೆ.ಜಿ. ತೂಗುತ್ತದೆ. ಹಿಂದೆ ನಾಲ್ಕು ಉಂಡೆ ಸಿಮೆಂಟ್ ಹಾಕಿ ಒತ್ತಿದರೆ ಆ ದಿನ ನಿಲ್ಲುತ್ತದೆ; ಗೋಡೆ ತೇವ ಕುಡಿದು ಗಾರೆ ಬಿಟ್ಟ ದಿನ ಕೆಳಗೆ ಯಾರು ನಿಂತಿರುತ್ತಾರೋ ಹೇಳಲಾಗದು. ಕೆಳಗೆ ತೂಕ ಹೊರಲು ಒಂದು ಸ್ಟೇನ್‌ಲೆಸ್ ಸ್ಟೀಲ್ ಆ್ಯಂಗಲ್, ನಾಲ್ಕು ಮೂಲೆಯಲ್ಲಿ ಅಂಚಿನಿಂದ ಸುಮಾರು 60 ಮಿ.ಮೀ. ಒಳಗೆ 10 ಮಿ.ಮೀ. ಬೋಲ್ಟ್, ಇಷ್ಟು ಬೇಕೇ ಬೇಕು. ಕರಾವಳಿಯಲ್ಲಿ 304 ದರ್ಜೆಯ ಸ್ಟೀಲೂ ಉಪ್ಪುಗಾಳಿಗೆ ಕಲೆಗಟ್ಟುತ್ತದೆ, 316 ಕೇಳಿ. ತೂತುಗಳನ್ನು ಕಲ್ಲಿನ ಅಂಗಡಿಯಲ್ಲೇ, ಅಕ್ಷರ ಕೊರೆಯುವ ಮೊದಲೇ ಹಾಕಿಸಬೇಕು. ಗೋಡೆಯ ಮುಂದೆ ನಿಂತು ಡ್ರಿಲ್ ಹಚ್ಚಿದಾಗ ಮೂಲೆ ಸಿಡಿದರೆ ಮಾಡಿದ್ದೆಲ್ಲ ಹೋಯಿತು. ಬೋಲ್ಟ್ ಹಿಡಿಯಲು ಒಂಬತ್ತಿಂಚಿನ ಇಟ್ಟಿಗೆ ಗೋಡೆ ಬೇಕು, ನಾಲ್ಕೂವರೆ ಇಂಚಿನ ಅಡ್ಡಗೋಡೆ ನಂಬುವಂತಿಲ್ಲ. ಮಣ್ಣುಗಾರೆಯ ಹಳೆಯ ಕಟ್ಟಡವಾದರೆ ಗೋಡೆಯ ಸಹವಾಸವೇ ಬೇಡ. ನೆಲದ ಮೇಲೆ ಪೀಠ ಕಟ್ಟಿ ನಿಲ್ಲಿಸಿ. ಸಾಗಿಸುವಾಗ ಚಪ್ಪಡಿಯನ್ನು ನಿಲ್ಲಿಸಿಯೇ ಒಯ್ಯಬೇಕು, ಮಲಗಿಸಿ ಎತ್ತಿದರೆ ತನ್ನ ಭಾರಕ್ಕೆ ತಾನೇ ನಡುವೆ ಮುರಿಯಬಹುದು. ಫಲಕದ ನಡುಭಾಗ ನೆಲದಿಂದ 1500 ಮಿ.ಮೀ.ಗೆ ಬಂದರೆ ಕತ್ತು ಎತ್ತದೆ, ಬಗ್ಗದೆ ಓದಬಹುದು.

ಈಗಿನ ಪ್ರಾಂಶುಪಾಲರ ಹೆಸರು ಕೆತ್ತಬೇಕೇ? ಬೇಡ. ಅವರ ಅವಧಿ ಮುಗಿದಿಲ್ಲ, ಇದು ಹಿಂದಿನವರ ಕಲ್ಲು. ಈ ಮಾತನ್ನು ಅವರೆದುರು ಹೇಳುವುದು ಕಷ್ಟ, ಆದ್ದರಿಂದ ಅದೂ ಮೊದಲ ನಡಾವಳಿಯಲ್ಲೇ ಬಂದುಬಿಡಲಿ. ಆದರೆ ಅವರ ಹೆಸರು ಬರುವ ದಿನಕ್ಕೆ ದಾರಿ ಮಾಡಿಡಬೇಕು. ಗೋಡೆಗೆ ಹತ್ತಿದ ಕಲ್ಲಿಗೆ ಸ್ಯಾಂಡ್‌ಬ್ಲಾಸ್ಟ್ ಮಾಡಲಾಗದು, ಕಾರಿಡಾರ್ ತುಂಬ ಧೂಳು. ಇಳಿಸಿ ಒಯ್ದು ತರುವುದು ಪ್ರತಿಸಲ ಒಂದು ಗಂಡಾಂತರ. ಇದಕ್ಕೆ ಸುಲಭ ಉಪಾಯ ಹೀಗಿದೆ: ದೊಡ್ಡ ಚಪ್ಪಡಿಯಲ್ಲಿ ಇಲ್ಲಿಯವರೆಗಿನವರ ಹೆಸರು, ಅದರ ಪಕ್ಕದಲ್ಲಿ ಮುಂದಿನವರಿಗೆ ಒಬ್ಬೊಬ್ಬರಿಗೆ ಒಂದೊಂದು ಪಟ್ಟಿಕಲ್ಲು. 900 ಮಿ.ಮೀ. ಉದ್ದ, 75 ಅಗಲ, 18 ದಪ್ಪದ ಕರಿಕಲ್ಲಿನ ಪಟ್ಟಿ ಮೂರೂವರೆ ಕೆ.ಜಿ. ಚಿಲ್ಲರೆ. ಎರಡು ಸ್ಕ್ರೂ ಬಿಚ್ಚಿ, ಗೋಣಿಯಲ್ಲಿ ಸುತ್ತಿ ಅಂಗಡಿಗೆ ಕೊಂಡುಹೋಗಿ ಕೊರೆಸಿ ತಂದು ಹಾಕಬಹುದು. ಹತ್ತು ಪಟ್ಟಿಯನ್ನು ಇವತ್ತೇ, ದೊಡ್ಡ ಚಪ್ಪಡಿ ಬಂದ ಲಾಟಿನಿಂದಲೇ ಕತ್ತರಿಸಿ ಇಟ್ಟುಕೊಳ್ಳಿ. ಐದು ವರ್ಷ ಬಿಟ್ಟು ಹೋದರೆ ಅದೇ ಹೆಸರಿನ ಕಲ್ಲು ಬೇರೆ ಬಣ್ಣದಲ್ಲಿ ಬರುತ್ತದೆ.

ಹಿತ್ತಾಳೆ ತಗಡಿನ ಮೇಲೆ ಆಸಿಡ್‌ನಲ್ಲಿ ಕೊರೆಸುವ ದಾರಿಯೂ ಇದೆ, ಹಗುರ, ಅಂದ. ಆದರೆ ಅದನ್ನು ಉಜ್ಜದೆ ಬಿಡುವ ಅಟೆಂಡರ್ ಇಲ್ಲ. ಆಯುಧಪೂಜೆಯ ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ಕಿದರೆ ಮೇಲಿನ ಲ್ಯಾಕರ್ ಹೋಗುತ್ತದೆ, ಮೂರು ವರ್ಷ ತಿಕ್ಕಿದರೆ ಅಕ್ಷರದ ಬಣ್ಣವೂ ಹೋಗುತ್ತದೆ. ಫ್ಲೆಕ್ಸ್ ಬಗ್ಗೆ ಮಾತು ಬೇಡ.

ಉದ್ಘಾಟನೆಯ ಕಲ್ಲಿನದು ಇನ್ನೊಂದು ಕಥೆ. ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರು. ಶಿಷ್ಟಾಚಾರದ ಪ್ರಕಾರ ಸಚಿವರು, ಸಂಸದರು, ವಿಧಾನ ಪರಿಷತ್ ಸದಸ್ಯರು, ‘ಘನ ಉಪಸ್ಥಿತಿ’, ‘ವಿಶೇಷ ಆಹ್ವಾನಿತರು’ ಎಂದು ಪಟ್ಟಿ ಬೆಳೆಯುತ್ತದೆ. ಎಚ್ಚರ ತಪ್ಪಿದರೆ ಮೂವತ್ತು ವರ್ಷ ಕಾಲೇಜು ನಡೆಸಿದವರು ಕೆಳಗಿನ ಅರ್ಧದಲ್ಲಿ ಸಣ್ಣ ಅಕ್ಷರವಾಗಿ ಉಳಿಯುತ್ತಾರೆ. ಕಟ್ಟಿಸಿದವರ ಹೆಸರು ಕಲ್ಲಿಗೆ ಹೋಗುವುದು ಹೊಸದೇನಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರ ಕಟ್ಟಿಸಿದ ದಂಡನಾಯಕ ಮಧುಸೂದನನ ಹೆಸರು 1058ರ ಶಾಸನದಲ್ಲಿದೆ. ಆದರೆ ಅದೇ ಶಾಸನ ವೇದ ಓದುವ 200 ವಿದ್ಯಾರ್ಥಿಗಳನ್ನೂ ಆರು ಜನ ಸರಸ್ವತೀ ಭಂಡಾರಿಕರನ್ನೂ, ಅಂದರೆ ಗ್ರಂಥಪಾಲಕರನ್ನೂ, ಲೆಕ್ಕಕ್ಕೆ ತೆಗೆದುಕೊಂಡಿದೆ. ಉದ್ಘಾಟನೆಯ ವಿವರಕ್ಕೆ ಬೇರೆಯೇ ಒಂದು ಸಣ್ಣ ಕಲ್ಲು ಮಾಡಿಸಿ ಬಾಗಿಲ ಪಕ್ಕ ಹಾಕಿ. ಎಲ್ಲರಿಗೂ ಸಮಾಧಾನ. ಹೆಸರಿನ ಫಲಕದ ಅಡಿಯಲ್ಲಿ ‘ಹಳೆಯ ವಿದ್ಯಾರ್ಥಿಗಳ ಸಂಘ’ ಎಂಬುದೊಂದು ಸಾಲು, ವರ್ಷ, ಬೇಕಿದ್ದರೆ ಕೊರೆದವರ ಹೆಸರು. ಹಳೆಯ ರೂವಾರಿಗಳು, ಅಂದರೆ ಶಿಲ್ಪಿಗಳು, ತಮ್ಮ ಹೆಸರು ಹಾಕಿಕೊಂಡಿದ್ದಾರೆ, ಇವರೂ ಹಾಕಿಕೊಳ್ಳಲಿ.

ಆಮೇಲಿನ ಆರೈಕೆ ಅಂಥದ್ದೇನಿಲ್ಲ: ಒದ್ದೆ ಬಟ್ಟೆ, ಒಣ ಬಟ್ಟೆ, ಆಸಿಡ್ ಇಲ್ಲ. ಹಬ್ಬದ ದಿನ ಅರಿಶಿನ ಕುಂಕುಮ ಹಚ್ಚುವುದನ್ನು ತಡೆಯಲು ಹೋಗಬೇಡಿ, ಯಾರೂ ಕೇಳುವುದಿಲ್ಲ. ಕರಿಕಲ್ಲಾದರೆ ಮರುದಿನ ಒರೆಸಿದರೆ ಹೋಗುತ್ತದೆ. ಬಿಳಿಕಲ್ಲು ಎಣ್ಣೆ ಬೆರೆತ ಅರಿಶಿನವನ್ನು ಕುಡಿದು ಹಳದಿ ಕಲೆ ಹಿಡಿದುಕೊಳ್ಳುತ್ತದೆ, ಅದಕ್ಕೆ ಮೊದಲೇ ಸೀಲರ್ ಹಚ್ಚಿಸಿರಬೇಕು. ಹಾರ ಹಾಕಲು ಮೇಲೊಂದು ಸ್ಟೀಲ್ ಕೊಕ್ಕೆ ಮೊದಲೇ ಕೂರಿಸಿಬಿಡಿ. ಇಲ್ಲದಿದ್ದರೆ ಯಾರೋ ಕಬ್ಬಿಣದ ಮೊಳೆ ಹೊಡೆಯುತ್ತಾರೆ, ಒಂದು ಮಳೆಗಾಲದಲ್ಲಿ ತುಕ್ಕಿನ ನೀರು ಮೊದಲ ಮೂರು ಹೆಸರಿನ ಮೇಲೆ ಇಳಿದಿರುತ್ತದೆ.

ಸಮಿತಿ ಏಳುವ ಮೊದಲು ಒಂದು ಫೈಲ್ ಮಾಡಿ ಕಚೇರಿಗೆ ಒಪ್ಪಿಸಿ: ಪ್ರತಿ ಸಾಲಿಗೂ ಆಧಾರವಾದ ಕಾಗದದ ನಕಲು, ಪೂರ್ತಿ ದಿನಾಂಕಗಳು, ನಿಯಮದ ನಡಾವಳಿ, ಕರ್ವ್ ಮಾಡಿದ ಫೈಲಿನ ಪೆನ್‌ಡ್ರೈವ್, ಫಾಂಟಿನ ಹೆಸರು, ಅಕ್ಷರದ ಅಳತೆ, ಕಲ್ಲಿನ ಅಂಗಡಿಯ ಬಿಲ್ಲು. ಉಳಿದ ಪಟ್ಟಿಕಲ್ಲುಗಳನ್ನು ಗ್ರಂಥಾಲಯದ ಬೀರುವಿನ ಕೆಳಗೆ ನಿಲ್ಲಿಸಿಟ್ಟು ದಾಸ್ತಾನು ಪುಸ್ತಕದಲ್ಲಿ ನಮೂದಿಸಿ. ನಮೂದಿಸದಿದ್ದರೆ ಮುಂದಿನ ಸುಣ್ಣಬಣ್ಣದ ಹೊತ್ತಿಗೆ ಅವು ಯಾರದೋ ಮನೆಯ ಕಿಟಕಿಯ ಹೊಸ್ತಿಲಾಗಿರುತ್ತವೆ.